ಕಲ್ಲಿನ ಮೇಲಿನ ಹೆಸರು

ನಮ್ಮ ಅತ್ತೆಯವರು ತೀರಿಕೊಂಡು ಮೊನ್ನೆಗೆ ಒಂದು ವರ್ಷವಾಯಿತು. ಅವರ ನೆನಪಿಗೆ ಏನಾದರೂ ಕೊಡೋಣವೆಂದು ನಾನೂ ಪಕ್ಕದ ಮನೆಯಾಕೆಯೂ ನಮ್ಮ ಸಂಜಯನಗರದಿಂದ ತುಸು ದೂರದಲ್ಲಿರುವ ಒಂದು ಮಕ್ಕಳ ಪಾಲನಾ ಮಂದಿರಕ್ಕೆ ಹೋದೆವು. ಹೆತ್ತವರಿಲ್ಲದ, ಇದ್ದರೂ ಅವರಿಂದ ಸಾಕಲಾಗದ ಮಕ್ಕಳು ಅಲ್ಲಿದ್ದಾರೆ. ಕಚೇರಿಯಲ್ಲಿ ಒಂದು ಅಚ್ಚಾದ ಪಟ್ಟಿ ಕೊಟ್ಟರು. 1 ಲಕ್ಷ ಕೊಟ್ಟವರು ಮಹಾಪೋಷಕರು, ಹೆಸರು ಅಮೃತಶಿಲೆಯ ಮೇಲೆ. 25,000 ಕೊಟ್ಟವರು ಪೋಷಕರು, ಹೆಸರು ಮರದ ಹಲಗೆಯ ಮೇಲೆ. 5,000ಕ್ಕೆ ಒಂದು ದಿನದ ಊಟ, ಹೆಸರು ಊಟದ ಮನೆಯ ಕಪ್ಪು ಹಲಗೆಯ ಮೇಲೆ.

"ಅಲ್ಲಾ ಕಣ್ರೀ, ಇದೇನು ದಾನವೋ ಸಿನಿಮಾ ಟಿಕೆಟ್ಟೋ? ಬಾಲ್ಕನಿ, ಗಾಂಧಿಕ್ಲಾಸು!" ಎಂದು ಆಕೆ ನಕ್ಕರು.

ಹೆಸರು ಹಾಕಿಸುವುದು ತಪ್ಪೆಂದು ನಾನು ಹೇಳಲಾರೆ. ದೇವಸ್ಥಾನದ ಫ್ಯಾನಿನ ರೆಕ್ಕೆಯ ಮೇಲೂ ಸ್ಟೀಲ್ ಪಾತ್ರೆಯ ಮೇಲೂ ಹೆಸರು ಬರೆಸುವವರು ನಾವು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ಲಕ್ಕುಂಡಿಯ 1007ರ ಶಾಸನ ಹೊಗಳುತ್ತದೆ. 'ದಾನಚಿಂತಾಮಣಿ' ಎಂದು ನಾವು ಇಂದಿಗೂ ಅವಳನ್ನು ನೆನೆಯುತ್ತೇವೆ. ಒಬ್ಬರ ಹೆಸರು ನೋಡಿ ಇನ್ನೊಬ್ಬರು ಕೊಟ್ಟರೆ ಒಳ್ಳೆಯದೇ ತಾನೆ?

ನಾವು ಒಂದು ದಿನದ ಊಟಕ್ಕೆ ಕೊಟ್ಟೆವು. ತಪ್ಪು ನಡೆದದ್ದು ಆ ದಿನ. ಬಡಿಸುತ್ತಾ, ಫೋಟೋ ತೆಗೆಯೆಂದು ಮಗನಿಗೆ ಹೇಳಿದೆ. ಹೋಳಿಗೆ ಹಾಕಿಸಿಕೊಳ್ಳುತ್ತಿದ್ದ ಹುಡುಗಿ ತಟ್ಟೆ ಎಳೆದುಕೊಂಡು ತಲೆ ತಗ್ಗಿಸಿದಳು. ಮೇಲ್ವಿಚಾರಕಿ ನನ್ನನ್ನು ಪಕ್ಕಕ್ಕೆ ಕರೆದರು. "ಬೇಡಮ್ಮ. ನೀವು ಮೊಬೈಲಿನಲ್ಲಿ ಹಾಕ್ತೀರಿ, ನಾಳೆ ಇವಳ ಕ್ಲಾಸಿನವರು ನೋಡಿದರೆ? ಕಾನೂನೂ ಒಪ್ಪಲ್ಲ."

ನಿಜ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಇಂಥ ಮಕ್ಕಳ ಹೆಸರು, ಶಾಲೆ, ಫೋಟೋ ಪ್ರಕಟಿಸುವಂತಿಲ್ಲ. ಮೀರಿದರೆ 6 ತಿಂಗಳವರೆಗೆ ಸೆರೆ, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ನನಗೆ ನಾಚಿಕೆಯಾಯಿತು. ಅತ್ತೆಯವರ ಹೆಸರು ಹಲಗೆಯ ಮೇಲಿತ್ತಲ್ಲ, ಆ ಹುಡುಗಿಯ ಮುಖವೂ ಯಾಕೆ ಬೇಕಿತ್ತು?

ಆಕೆ ಇನ್ನೊಂದು ಮಾತು ಹೇಳಿದರು. "ಹೋಳಿಗೆ ತರೋರು ಬೇಕಾದಷ್ಟು ಜನ ಇದ್ದಾರೆ. 18 ತುಂಬಿದ ಮಕ್ಕಳು ಇಲ್ಲಿಂದ ಹೊರಡಬೇಕು. ಆಗ ಕಾಲೇಜು ಫೀಸು, ರೂಮಿನ ಅಡ್ವಾನ್ಸು, ಒಂದು ಹಾಸಿಗೆ... ಇದಕ್ಕೆ ಯಾರೂ ಹೆಸರು ಬರೆಸಲ್ಲಮ್ಮ." ಹಾಗೆ ಹೊರಟವರಿಗೆ ಹಣದ ನೆರವು ಕೊಡಬಹುದೆಂದು ಅದೇ ಕಾಯ್ದೆಯಲ್ಲಿದೆ. ಆದರೆ ತವರಿಲ್ಲದ ಹುಡುಗಿಗೆ ಕೊರತೆ ಒಂದೇ ಎರಡೇ?

ನಿಮ್ಮೂರಲ್ಲೂ ಇಂಥ ಮನೆ ಇದ್ದೀತು. ಕೊಡುವ ಮುಂಚೆ ನೋಂದಣಿ ಪತ್ರ ನೋಡಿ, ರಸೀದಿ ಕೇಳಿ. ಮಕ್ಕಳ ಫೋಟೋ ಖಂಡಿತ ಬೇಡ. ವರ್ಷಕ್ಕೊಂದು ಊಟದ ಬದಲು ತಿಂಗಳಿಗೆ 200 ರೂಪಾಯಿ ಆದರೂ ಸರಿ, '18 ತುಂಬಿದವರಿಗೆ' ಎಂದು ಬರೆಸಿ ಕೊಡಿ. ನೀವೇ ಹಲಗೆ ಮಾಡಿಸುವುದಾದರೆ ಮೊತ್ತ ಬಿಟ್ಟು ಹೆಸರುಗಳನ್ನು ಅಕಾರಾದಿಯಾಗಿ ಬರೆಸಿ. 200 ಕೊಟ್ಟ ಹೂವಿನಮ್ಮನ ಹೆಸರೂ ಲಕ್ಷ ಕೊಟ್ಟವರ ಪಕ್ಕದಲ್ಲಿರಲಿ.

ನಾವೀಗ ತಿಂಗಳಿಗೆ 500 ಕೊಡುತ್ತಿದ್ದೇವೆ. ಯಾವ ಹುಡುಗಿಗೆ ಸೇರುತ್ತದೆಂದು ಕೇಳಿಲ್ಲ. ರಸೀದಿಯಲ್ಲಿ ಅತ್ತೆಯವರ ಹೆಸರಿದೆ, ಅಷ್ಟು ಸಾಕು.