ಬೀದರಿಗೂ ಒಂದು ಗೆರೆ ಬೇಕು

ಗುಲಾಮರ ಕಡಲ ವ್ಯಾಪಾರದ ನಕಾಶೆ ಎಂದರೆ ಆಫ್ರಿಕದಿಂದ ಅಮೆರಿಕಕ್ಕೆ ಎಳೆದ ಗೆರೆಗಳು ಎಂದೇ ನಾವು ಓದಿಕೊಂಡು ಬಂದಿದ್ದೇವೆ. ಅಟ್ಲಾಂಟಿಕ್ ದಾರಿಯಲ್ಲಿ ಸಾಗಿಸಿದ ಸುಮಾರು 1.25 ಕೋಟಿ ಜನರ ಅಂದಾಜು ಹಡಗುಗಳ ದಾಖಲೆಗಳಿಂದಲೇ ಸಿಕ್ಕಿದೆ, ನಿಜ. ಆದರೆ ನಮ್ಮ ಚಿಂಚೋಳಿಯ ನೆರೆಯ ಬೀದರಿಗೂ ಒಂದು ಗೆರೆ ಬರಬೇಕು. ಅಲ್ಲಿನ ಹಬ್ಶಿ ಕೋಟ್ ಗುಡ್ಡದ ಮೇಲಿನ ಗೋರಿಗಳು ಆಫ್ರಿಕ ಮೂಲದ ಸರದಾರರವು. ಸರದಾರರಾದವರನ್ನು ಗುಲಾಮಗಿರಿಯ ಲೆಕ್ಕಕ್ಕೆ ಸೇರಿಸುವುದೇಕೆ ಎಂದು ಕೆಲವರು ಕೇಳುತ್ತಾರೆ. ಮಲಿಕ್ ಅಂಬರನನ್ನೇ ನೋಡಿ: ಇಥಿಯೋಪಿಯದಲ್ಲಿ ಹುಟ್ಟಿದ ಹುಡುಗ ಅರಬ್ಬಿ ಸಂತೆಗಳಲ್ಲಿ ಕೈಯಿಂದ ಕೈಗೆ ಮಾರಾಟವಾಗಿ ದಖ್ಖನಿಗೆ ಬಂದ, ಅವನನ್ನು ಕೊಂಡ ಅಹಮದ್‌ನಗರದ ಪೇಶ್ವೆ ಚಂಗೀಜ್ ಖಾನನೂ ಹಬ್ಶಿಯೇ, ಅಂದರೆ ಆಫ್ರಿಕ ಮೂಲದವನೇ. 1626ರಲ್ಲಿ ಸಾಯುವ ಹೊತ್ತಿಗೆ ಅಂಬರ್ ಮೊಗಲರನ್ನೇ ತಡೆದ ದೊಡ್ಡ ಸೇನಾನಿಯಾಗಿದ್ದ. ಅದರಿಂದ ಎಳೆಯ ಹುಡುಗನನ್ನು ಮಾರಿದ ಅನ್ಯಾಯ ಅಳಿಸಿಹೋಗುವುದಿಲ್ಲ. ಅವನ ಜೊತೆ ಬಂದು ಹೆಸರಿಲ್ಲದೆ ಸತ್ತವರಿಗೆ ಗೋರಿಯೂ ಇಲ್ಲ. ದಾಖಲೆ ಸಾಲದು ಎಂಬ ಆಕ್ಷೇಪಕ್ಕೆ ತೂಕವಿದೆ, ನಮ್ಮ ಕಡೆಯ ಅರಬ್ಬಿ ಕಡಲಿನ ಲೆಕ್ಕ ಅಟ್ಲಾಂಟಿಕ್ ಲೆಕ್ಕದಷ್ಟು ಕರಾರುವಾಕ್ಕಾಗಿ ಎಂದೂ ಸಿಗಲಾರದು. ಹಾಗಿದ್ದರೆ ಖಚಿತವಿಲ್ಲದ ದಾರಿಗಳನ್ನು ನಕಾಶೆಯಲ್ಲಿ ಚುಕ್ಕಿಗೆರೆಯಿಂದ ತೋರಿಸಲಿ. ಈ ಕಡಲ ದಾರಿಗೆ ಜೀವಂತ ಸಾಕ್ಷಿಯೂ ಇದೆ: ಪೋರ್ಚುಗೀಸರು ಮೊಜಾಂಬಿಕ್‌ನಿಂದ ಗೋವಾಕ್ಕೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳಗಳಲ್ಲಿ ಸಿದ್ದಿಗಳಾಗಿ ಇಂದಿಗೂ ಬಾಳುತ್ತಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2003ರಲ್ಲಿ.