ರಿಪೇರಿ ಮಾಡುವವರು ಯಾರು?

ನಿರಾಶ್ರಿತರ ಶಿಬಿರಗಳಲ್ಲಿ ಗಾಲಿಕುರ್ಚಿ ಹಂಚುವ ಫೋಟೋ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಮುಂದಿನ ಪುಟ್ಟ ಗಾಲಿಗಳ ಕಡೆಗೆ. ಅಂಗೈ ಅಗಲದ, ಗಟ್ಟಿ ರಬ್ಬರಿನ ಆ ಗಾಲಿಗಳು ಆಸ್ಪತ್ರೆಯ ನುಣುಪು ನೆಲಕ್ಕೆಂದೇ ಮಾಡಿದವು. ಕೆಸರಿಗೆ ಇಳಿದರೆ ಹೂತುಹೋಗುತ್ತವೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಯ ಕುಟುಪಾಲಾಂಗ್‌ನಲ್ಲಿ ಕೆಸರಿಗೇನೂ ಬರವಿಲ್ಲ. 2017ರ ಆಗಸ್ಟ್‌ನಿಂದ ಕೆಲವೇ ತಿಂಗಳಲ್ಲಿ ಮ್ಯಾನ್ಮಾರ್ ಬಿಟ್ಟು ಓಡಿಬಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳಲ್ಲಿ ಬಹುಪಾಲು ಜನ ಕಾಡು ಕಡಿದ ಗುಡ್ಡಗಳ ಮೇಲೆ ಬಿದಿರು, ಟಾರ್ಪಾಲಿನ ಗುಡಿಸಲು ಹಾಕಿಕೊಂಡರು. ಎಷ್ಟೋ ಕಡೆ ದಾರಿಯೆಂದರೆ ಮರಳುಚೀಲದ ಮೆಟ್ಟಿಲು. ಅಂಥಲ್ಲಿ ಕಾಲು ಕಳೆದುಕೊಂಡವನಿಗೆ ಕುರ್ಚಿ ಕೊಟ್ಟರೆ ಗುಡಿಸಲೊಳಗೆ ಕೂರಲು ಒಂದು ಆಸನ ಸಿಕ್ಕಿತು, ಅಷ್ಟೆ.

ಹಾಗಾಗಿ ಉಪಕರಣ ಎಷ್ಟು ಹೊಸದು ಎನ್ನುವುದಕ್ಕಿಂತ, ಕೆಟ್ಟಾಗ ಅದನ್ನು ಅಲ್ಲೇ ಸರಿಮಾಡಬಲ್ಲವರು ಇದ್ದಾರೆಯೇ ಎಂದು ಮೊದಲು ಕೇಳಬೇಕು. ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ ಸ್ವತಃ ಗಾಲಿಕುರ್ಚಿಯಲ್ಲೇ ಓಡಾಡುವವರು. ಅವರ ಬಳಗ ರೂಪಿಸಿದ ‘ರಫ್‌ರೈಡರ್’ ಕುರ್ಚಿಯ ಮುಂಗಾಲಿ ಅಗಲ, ತಳ ಉದ್ದ, ಹಿಂದಿನ ಟೈರು ಸೈಕಲ್ಲಿನದು. ಪಂಕ್ಚರ್ ಆದರೆ ಯಾವ ಸೈಕಲ್ ಅಂಗಡಿಯವನೂ ಹಾಕಿಕೊಡುತ್ತಾನೆ.

ಕೃತಕ ಕಾಲಿನ ಕತೆಯೂ ಇದೇ. 1968ರಲ್ಲಿ ಜೈಪುರದ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ.ಕೆ. ಸೇಥಿ ರಬ್ಬರು, ಮರದಿಂದ ರೂಪಿಸಿದ ಪಾದ ಹಾಕಿಕೊಂಡವರು ಬರಿಗಾಲಲ್ಲಿ ನಡೆಯಬಹುದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಹುದು. ನೆಲಬಾಂಬುಗಳು ಕಾಲು ಕಿತ್ತ ಅಫ್ಘಾನಿಸ್ತಾನ, ಕಾಂಬೋಡಿಯಾಗಳಿಗೆ ಅದು ತಲುಪಿದ್ದು ಈ ಸರಳತೆಯಿಂದ. 1982ರಲ್ಲಿ ಥಾಯ್ಲೆಂಡಿನ ಗಡಿಯ ಕಾಂಬೋಡಿಯನ್ ಶಿಬಿರಗಳಲ್ಲಿ ಹುಟ್ಟಿದ ಹ್ಯಾಂಡಿಕ್ಯಾಪ್ ಇಂಟರ್‌ನ್ಯಾಷನಲ್ ಸಂಸ್ಥೆಯೂ ಆರಂಭದಲ್ಲಿ ಕೈಗೆ ಸಿಕ್ಕ ಬಿದಿರು, ಚರ್ಮ, ಟೈರಿನಿಂದಲೇ ಕಾಲು ಮಾಡಿತು.

ಹಾಗೆಂದು ಹೊಸದನ್ನೆಲ್ಲ ತಳ್ಳಿಹಾಕುವಂತಿಲ್ಲ. ಮೊಂಡುಗಾಲನ್ನು ಸ್ಕ್ಯಾನ್ ಮಾಡಿ ಅಳತೆಯನ್ನು ದೂರದ ಕಾರ್ಯಾಗಾರಕ್ಕೆ ಕಳಿಸಿದರೆ, ಗಡಿ ದಾಟಲಾಗದವನಿಗೆ ಒಂದು ಪ್ರಯಾಣವಾದರೂ ಉಳಿಯುತ್ತದೆ. ಜೋರ್ಡಾನಿನ ಅಮ್ಮಾನ್‌ನಲ್ಲಿ ‘ಗಡಿರಹಿತ ವೈದ್ಯರು’ ಸಂಸ್ಥೆ ಯುದ್ಧದ ಗಾಯಾಳುಗಳಿಗೆ ತ್ರೀಡಿ ಪ್ರಿಂಟರಿನಲ್ಲಿ ಕೃತಕ ಕೈಗಳನ್ನು ಮಾಡಿಕೊಟ್ಟಿದೆ. ಆದರೆ ಪ್ರಿಂಟರು ಮಾಡದ ಕೆಲಸವೇ ಹೆಚ್ಚು. ಗಾಯ ಮಾಗಿದಂತೆ ಮೊಂಡುಗಾಲು ಸೊರಗುತ್ತದೆ, ಅದು ಕೂರುವ ಸಾಕೆಟ್ ಸಡಿಲವಾಗುತ್ತದೆ, ಉಜ್ಜಿ ಹುಣ್ಣಾಗುತ್ತದೆ. ಬೆಳೆಯುವ ಮಗುವಿಗಂತೂ ಕಾಲನ್ನು ಮತ್ತೆ ಮತ್ತೆ ಬದಲಿಸಬೇಕು. ಕೊಟ್ಟು, ಫೋಟೋ ತೆಗೆಸಿಕೊಂಡು ವಿಮಾನ ಹತ್ತುವ ಯೋಜನೆಯಲ್ಲಿ ಇದಕ್ಕೆ ಯಾರ ಸಂಬಳವೂ ಇರುವುದಿಲ್ಲ.

ಕಾಬೂಲಿನಲ್ಲಿ 1988ರಲ್ಲಿ ಶುರುವಾದ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ ಕೇಂದ್ರ ಇದಕ್ಕೆ ಉತ್ತರ ಕಂಡುಕೊಂಡಿದೆ. ಇಟಲಿಯ ಆಲ್ಬರ್ಟೊ ಕೈರೊ ದಶಕಗಳ ಕಾಲ ನಡೆಸಿದ ಆ ಕೇಂದ್ರದ ಸಿಬ್ಬಂದಿಯಲ್ಲಿ ಬಹುತೇಕರು ಸ್ವತಃ ಅಂಗವಿಕಲರು, ಹಿಂದೆ ರೋಗಿಗಳಾಗಿ ಬಂದವರು. ಸಾಕೆಟ್ ಎಲ್ಲಿ ಒತ್ತುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿಲ್ಲ. ಶಿಬಿರಗಳಲ್ಲೂ ನಿರಾಶ್ರಿತರಿಗೇ ಈ ಕಸುಬು ಕಲಿಸಬಹುದು. ತೊಡಕು ಕಾನೂನಿನದು: ಬಾಂಗ್ಲಾದೇಶದಲ್ಲಿ ರೋಹಿಂಗ್ಯಾಗಳಿಗೆ ಸಂಬಳದ ಉದ್ಯೋಗ ಮಾಡುವ ಹಕ್ಕೇ ಇಲ್ಲ.

ಓಡಾಟಕ್ಕೂ ಹಕ್ಕು ಬೇಕು. ಕಾಕ್ಸ್ ಬಜಾರಿನ ಶಿಬಿರಗಳ ಸುತ್ತ ಮುಳ್ಳುತಂತಿಯ ಬೇಲಿ ಎದ್ದಿದೆ. 2021ರ ಮಾರ್ಚ್‌ನಲ್ಲಿ ಅಲ್ಲಿನ ಬಾಲುಖಾಲಿ ಶಿಬಿರಕ್ಕೆ ಬೆಂಕಿ ಬಿದ್ದಾಗ ಆ ಬೇಲಿ ಎರಡು ಕಾಲಿದ್ದವರನ್ನೇ ತಡೆಯಿತೆಂದು ಬದುಕುಳಿದವರು ಹೇಳಿದರು. ಗಾಲಿಕುರ್ಚಿಯವರು ತಂತಿ ಹಾರುವ ಮಾತಂತೂ ದೂರ. ವಿಪತ್ತಿನಲ್ಲಿ ಅಂಗವಿಕಲರನ್ನು ರಕ್ಷಿಸುವುದು ಸರ್ಕಾರಗಳ ಹೊಣೆ ಎನ್ನುತ್ತದೆ ಅಂಗವಿಕಲರ ಹಕ್ಕುಗಳ ಕುರಿತ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 11ನೇ ವಿಧಿ. ಬಾಂಗ್ಲಾದೇಶ 2007ರಲ್ಲೇ ಅದನ್ನು ಒಪ್ಪಿಕೊಂಡಿದೆ. ಬೇಲಿ ರಾಜಕೀಯದ ವಿಷಯ, ನಮ್ಮದು ಬರೀ ಯಂತ್ರದ ಕೆಲಸ ಎಂದು ದಾನಿಗಳು ಕೈತೊಳೆದುಕೊಳ್ಳಬಹುದು. ಆದರೆ ಕುರ್ಚಿಗೆ ದುಡ್ಡು ಹಾಕುವವರು ಗೇಟು ಎಲ್ಲಿದೆ, ಎಷ್ಟು ಅಗಲವಿದೆ, ರಾತ್ರಿ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕೇಳಿಯೇ ಚೆಕ್ಕಿಗೆ ಸಹಿ ಹಾಕಬೇಕು.