ಜಾಣ ಸಿಗ್ನಲ್ ಆಮೇಲೆ, ಮೊದಲು ಕಾರ್ಖಾನೆ ಗೇಟಿಗೆ ಜಾಣತನ ಬರಲಿ

ಬೆಂಗಳೂರಿನ ಟ್ರಾಫಿಕ್‌ಗೆ ಎಐ, ಅಂದರೆ ಕೃತಕ ಬುದ್ಧಿಮತ್ತೆ ಬಂದಿದೆ. ಕ್ಯಾಮೆರಾ ವಾಹನ ಎಣಿಸುತ್ತದೆ. ಯಾವ ಕಡೆ ಸಾಲು ಉದ್ದವಿದೆಯೋ ಆ ಕಡೆ ಹಸಿರು ದೀಪ ಹೆಚ್ಚು ಹೊತ್ತು ಉರಿಯುತ್ತದೆ. ಅಲ್ಲಿ 165 ಜಂಕ್ಷನ್‌ಗಳಿಗೆ ಇಂಥ ಸಿಗ್ನಲ್ ಯೋಜಿಸಿದರು. ಒಳ್ಳೆಯದೇ. ನಮ್ಮಲ್ಲೂ ಅದೇ ಬರಲಿ ಅನ್ನುವವರಿಗೆ ಒಂದೇ ಪ್ರಶ್ನೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲಿ ರಸ್ತೆ ಕಟ್ಟಿಕೊಳ್ಳುವುದು ಯಾವಾಗ?

ಕಬ್ಬಿನ ಹಂಗಾಮಿನಲ್ಲಿ. ಉಗಾರ, ಕೆಂಪವಾಡ, ಚಿಕ್ಕೋಡಿ, ನಿಪ್ಪಾಣಿ, ಯಾವ ಕಡೆಯ ಕಾರ್ಖಾನೆಯೇ ಇರಲಿ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಅದರತ್ತ ಹೊರಡುತ್ತವೆ. ಒಳಗೆ ಜಾಗ ಸಾಲದಿದ್ದರೆ ರಸ್ತೆಯೇ ಅವುಗಳ ಯಾರ್ಡ್. ಕ್ರಾಸಿನಲ್ಲಿ ಹಸಿರು ದೀಪ ಎಷ್ಟು ಹೊತ್ತು ಉರಿದರೇನು? ಮುಂದೆ ಗೇಟು ಮುಚ್ಚಿದೆಯಲ್ಲ! ಬೆಂಗಳೂರಿನ ಯಂತ್ರ ಸಾಲು ಎಣಿಸಬಲ್ಲದು, ಸಾಲು ಹುಟ್ಟುವ ಜಾಗವನ್ನು ಸರಿಮಾಡಲಾರದು.

ಇದರ ಬೆಲೆ ಕೊಡುವವರು ಯಾರು? ಮೊದಲು ರೈತ. ಕಡಿದ ಕಬ್ಬು ನಿಂತಷ್ಟೂ ಒಣಗಿ ತೂಕ ಇಳಿಯುತ್ತದೆ, ದುಡ್ಡು ಸಿಗುವುದು ತೂಕಕ್ಕೆ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ದಿನಗಟ್ಟಲೆ ಕೂತು ರೈತರು ಟನ್ನಿಗೆ 3,500 ರೂಪಾಯಿ ಕೇಳಿದರು, ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಹಾಗೆ ಹೋರಾಡಿ ಪಡೆದದ್ದು ಸರದಿಯಲ್ಲಿ ಸೋರಿದರೆ ಏನು ಪ್ರಯೋಜನ? ಎರಡನೆಯವರು ರೋಗಿಗಳು. ಕಾಗವಾಡ, ಉಗಾರದ ಕಡೆಯವರು ದೊಡ್ಡ ಆಸ್ಪತ್ರೆಗೆ ಮಿರಜ್‌ಗೆ ಓಡಬೇಕು. ಮೂರನೆಯವರು ರಾತ್ರಿ ಬೈಕಿನಲ್ಲಿ ಬರುವವರು. ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ.

"ಚಾಲಕರದ್ದೇ ತಪ್ಪು, ಕ್ಯಾಮೆರಾ ಹಾಕಿ ದಂಡ ಹಾಕಿ" ಅನ್ನುತ್ತಾರೆ. ಹೆಚ್ಚು ಹೇರಿದರೆ, ರಿಫ್ಲೆಕ್ಟರ್ ಇಲ್ಲದಿದ್ದರೆ ದಂಡ ಬೀಳಲಿ. ಆದರೆ ಗೇಟು ಮುಚ್ಚಿದ್ದಕ್ಕೆ ಅವನಿಗೆ ದಂಡವೇ?

ಎಐ ಬೇಕಾದದ್ದು ಇಲ್ಲೇ. ಯಾರ ಹೊಲ ಯಾವತ್ತು ಕಟಾವು, ಯಾವ ಗ್ಯಾಂಗ್ ಎಲ್ಲಿದೆ, ಯಾವ ಗಾಡಿ ಎಷ್ಟು ಹೊತ್ತಿಗೆ ಕಾಟಾ ಏರಿತು ಎಂಬ ಲೆಕ್ಕ ಕಾರ್ಖಾನೆಯ ಕೈಯಲ್ಲೇ ಇರುತ್ತದೆ. ಆ ಲೆಕ್ಕದಿಂದ ನಾಳೆ ಯಾವ ರಸ್ತೆಗೆ ಎಷ್ಟು ಗಾಡಿ ಬರಬಹುದೆಂದು ಯಂತ್ರ ಅಂದಾಜು ಹೇಳಬಲ್ಲದು. ಪ್ರತಿ ಟ್ರ್ಯಾಕ್ಟರ್‌ಗೆ ಗೇಟಿನ ಸಮಯ ಮೊಬೈಲಿಗೆ ಕಳಿಸಬಲ್ಲದು. ಗಾಣ ಎರಡು ತಾಸು ನಿಂತರೆ ಹೊಲದಲ್ಲೇ ಕಟಾವು ನಿಲ್ಲಿಸಿ ಎಂದು ಗ್ಯಾಂಗಿಗೆ ತಿಳಿಸಬಲ್ಲದು. ಬಾರಾಮತಿಯಲ್ಲಿ ಕಬ್ಬು ಬೆಳೆಸಲು ಎಐ ಬಂದಾಗಿದೆ. ಬೆಳೆಸುವುದಕ್ಕೆ ಬಂದದ್ದು ಸಾಗಿಸುವುದಕ್ಕೆ ಯಾಕೆ ಬರಬಾರದು?

ಇದನ್ನು ಕಾರ್ಖಾನೆಯ ಮರ್ಜಿಗೆ ಬಿಡಬಾರದು. ಕಬ್ಬು ನುರಿಸಲು ಅನುಮತಿ ಕೊಡುವಾಗಲೇ ಸರ್ಕಾರ ಷರತ್ತು ಹಾಕಲಿ: ಸರದಿ ಕಾಂಪೌಂಡಿನ ಒಳಗೆ, ಗೇಟಿನ ಸಮಯ ಮೊಬೈಲಿನಲ್ಲಿ, ಕಾಟಾದ ಲೆಕ್ಕ ದಿನದಿನವೂ ಜಿಲ್ಲಾಡಳಿತಕ್ಕೆ, ರಿಫ್ಲೆಕ್ಟರ್ ಇಲ್ಲದ ಗಾಡಿಗೆ ಪ್ರವೇಶವಿಲ್ಲ. ಈ ಷರತ್ತಿಲ್ಲದೆ ಕೋಟಿಗಟ್ಟಲೆ ಸುರಿದು ಸಿಗ್ನಲ್ ತಂದರೆ ಅದು ಕಂಬಕ್ಕೆ ಕಟ್ಟಿದ ಶೋಕಿ ಅಷ್ಟೇ.

ರೈತ ಬಂಧುಗಳೇ, ಮುಂದಿನ ಹಂಗಾಮಿನ ಸಭೆಯಲ್ಲಿ ದರ ಕೇಳುವಾಗ ಇದನ್ನೂ ಕೇಳಿ: ನನ್ನ ಗಾಡಿ ಎಷ್ಟು ಗಂಟೆಗೆ ಖಾಲಿಯಾಗುತ್ತದೆ?